ಅಡಿಕೆ ಸುಲಿಯುವ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ

ನಮಸ್ಕಾರ ಅಮ್ಮ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯ ಇಷ್ಟು ಹೇಳುತ್ತೇನೆ. ಶಿರಸಿ ಹತ್ತಿರದ ಹಳ್ಳಿಯಲ್ಲಿ 45 ವರ್ಷ ಸಂಸಾರ ಮಾಡಿದವರು ನೀವು. ಈಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೀರಿ, ಒಂಬತ್ತನೇ ಮಹಡಿ. ಕಿಟಕಿ ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ, ರಾತ್ರಿ ನಿದ್ದೆಯೂ ಬರುವುದಿಲ್ಲ. ಊರಿನಲ್ಲಿ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ಅಂಗಳದಲ್ಲಿ ನಡುರಾತ್ರಿಯವರೆಗೂ ಅಡಿಕೆ ಸುಲಿಯುತ್ತಿದ್ದರು, ಆ ಗಲಾಟೆಯಲ್ಲೇ ಒಳ್ಳೆ ನಿದ್ದೆ ಬರುತ್ತಿತ್ತು ಎಂದಿದ್ದೀರಿ. ಮಗಳು ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಟ್ಟಳು, ಅದೂ ಹಿಡಿಸಲಿಲ್ಲ. "ನನಗೇ ಏನಾದರೂ ಆಗಿದೆಯಾ?" ಎಂದು ಕೇಳಿದ್ದೀರಿ.

ಏನೂ ಆಗಿಲ್ಲ ಅಮ್ಮ. ಒಂದೇ ಸಮನೆ ಬರುವ ಸದ್ದಿಗೆ ಮಿದುಳು ಬೇಗ ಒಗ್ಗಿಕೊಳ್ಳುತ್ತದೆ. ಅದು ದಿಢೀರನೆ ಬದಲಾದರೆ ಮಾತ್ರ ಎಚ್ಚರಿಸುತ್ತದೆ. ರಾತ್ರಿ ಕರೆಂಟ್ ಹೋದಾಗ ಸೆಕೆ ಶುರುವಾಗುವ ಮೊದಲೇ ಎಚ್ಚರವಾಗುತ್ತದೆ ಅಲ್ವಾ? ಫ್ಯಾನಿನ ಸದ್ದು ನಿಂತದ್ದೇ ಕಾರಣ. ಹೆಂಚಿನ ಮೇಲೆ ಬೀಳುವ ಮಳೆ ಸಣ್ಣಪುಟ್ಟ ಸದ್ದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಏನೂ ಸದ್ದಿಲ್ಲದ ಮನೆಯಲ್ಲಿ ಫ್ರಿಜ್ ಗುರ್ ಎಂದರೂ ಲಿಫ್ಟ್ ನಿಂತರೂ ದೊಡ್ಡದಾಗಿ ಕೇಳುತ್ತದೆ.

ಆದರೆ ವಿಷಯ ಇಷ್ಟೇ ಆಗಿದ್ದರೆ ಮೊಬೈಲಿನ ಮಳೆಯೇ ಸಾಕಾಗುತ್ತಿತ್ತು. ನಿಮಗೆ ಯಾಕೆ ಸಾಲಲಿಲ್ಲ ಎನ್ನುವುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. "ಅವರೆಲ್ಲ ಎದ್ದಿದ್ದಾರೆ ಅಂತ ನಾನು ಮಲಗ್ತಿದ್ದೆ" ಎಂದು ಬರೆದಿದ್ದೀರಿ. ಆ ಸಾಲಿನ ಕೆಳಗೆ ಗೆರೆ ಎಳೆದಿಟ್ಟುಕೊಂಡಿದ್ದೇನೆ. ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಟಪ್ ಟಪ್ ಸದ್ದು, ನಡುವೆ ಯಾರದೋ ನಗು, ಹಂಡೆಯಲ್ಲಿ ಅಡಿಕೆ ಬೇಯುವ ಒಲೆಗೆ ಯಾರೋ ಕಟ್ಟಿಗೆ ದೂಡುವುದು. ಹತ್ತಿರದಲ್ಲಿ ನಮ್ಮವರಿದ್ದಾರೆ, ಅವರ ಕೈ ಕೆಲಸ ಮಾಡುತ್ತಿದೆ ಎಂದು ಕಿವಿಗೆ ಗೊತ್ತಾಗುತ್ತಿತ್ತು. ಆ ಧೈರ್ಯದಲ್ಲಿ ನೀವು ಮಲಗುತ್ತಿದ್ದಿರಿ. ಮೊಬೈಲಿನ ಮಳೆಯ ಹಿಂದೆ ಯಾರೂ ಇಲ್ಲ.

ಇದು ಹುಟ್ಟಿನಿಂದಲೇ ಬಂದ ಗುಣ. ಹುಟ್ಟಿ ಮೂರು ದಿನ ಕೂಡ ಆಗದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ತಾಯಿಯ ದನಿ ಕೇಳಲೆಂದು ಆ ಶಿಶುಗಳು ಬಾಯಿಗಿಟ್ಟ ನಿಪ್ಪಲ್ ಚೀಪುವ ಲಯವನ್ನೇ ಬದಲಿಸಿಕೊಂಡವಂತೆ.

ನನ್ನ ಸದ್ದು ಯಾವುದು ಎಂದೂ ಕೇಳಿದ್ದೀರಿ. ಬೆಳಗ್ಗೆ ಆಕಾಶವಾಣಿ ಶುರುವಾಗುವಾಗ ಬರುವ ಆ ರಾಗ. ಅಪ್ಪ ರೇಡಿಯೋ ಹಾಕಿ ಬಚ್ಚಲ ಒಲೆಗೆ ಬೆಂಕಿ ಮಾಡಲು ಹೋಗುತ್ತಿದ್ದರು. ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲು. ಅಪ್ಪ ಎದ್ದಿದ್ದಾರೆ, ಇನ್ನೂ ಸ್ವಲ್ಪ ಹೊತ್ತು ಮಲಗಬಹುದು ಎಂದು ನಾನು ಮಗ್ಗುಲು ಬದಲಿಸುತ್ತಿದ್ದೆ. 'ಆಕಾಶವಾಣಿ' ಎಂಬ ಹೆಸರು ನಮ್ಮ ಮೈಸೂರಿನದು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರೇ ಮುಂದೆ ಇಡೀ ದೇಶಕ್ಕೆ ಬಂತು. ಆದರೆ ಆ ರಾಗ ಕಟ್ಟಿದವರು ಇಲ್ಲಿಯವರಲ್ಲ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಗಾರ ಅವರು. ನಾಜಿಗಳ ಕಾಟದಿಂದ ಯುರೋಪ್ ಬಿಟ್ಟು 1934ರಲ್ಲಿ ಮುಂಬೈಗೆ ಬಂದರು. ಮುಂದೆ ಅಲ್ಲಿನ ರೇಡಿಯೋದಲ್ಲೇ ಕೆಲಸ ಮಾಡಿ, 1946ರಲ್ಲಿ ಭಾರತ ಬಿಟ್ಟರು. ಸ್ವಂತ ಊರು ಕಳೆದುಕೊಂಡ ಒಬ್ಬರು ಕಟ್ಟಿದ ರಾಗ ಇಷ್ಟೊಂದು ಜನರ ಮನೆಯ ಬೆಳಗಿನ ಸದ್ದಾಯಿತು. ನಿಮ್ಮ ಪತ್ರ ಓದುವಾಗ ನನಗೆ ಮತ್ತೆ ಮತ್ತೆ ಅವರದೇ ನೆನಪು.

ಯಾಕೆಂದರೆ ಪತ್ರದ ಕೊನೆಗೆ ಇನ್ನೊಂದು ಮಾತು ಬರೆದಿದ್ದೀರಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕಾಯಿ ತುರಿಯುವುದು, ಪಾತ್ರೆ ಜೋಡಿಸುವುದು ನಿಮ್ಮ ಅಭ್ಯಾಸ. ಈಗ ಮನೆಯವರ ನಿದ್ದೆ ಕೆಡುತ್ತದೆ ಎಂದು ಆರು ಗಂಟೆವರೆಗೂ ಸುಮ್ನೆ ಮಲಗಿರುತ್ತೀರಂತೆ. ಬಳೆಗಳನ್ನು ಕೂಡ ತೆಗೆದಿಟ್ಟಿದ್ದೀರಂತೆ. ಅದನ್ನು ಓದಿ ನನಗೆ ಸಂಕಟವಾಯಿತು.

ಒಂದು ಕೆಲಸ ಮಾಡಿ. ಮೊಮ್ಮಗಳಿಗೆ ಒಂಬತ್ತು ವರ್ಷ ಎಂದಿದ್ದೀರಿ. ಬೆಳಗಿನ ಜಾವ ಅಜ್ಜಿಯ ಸದ್ದು ಕೇಳಿದರೆ ಹೇಗನ್ನಿಸುತ್ತದೆ ಎಂದು ಅವಳನ್ನೇ ಕೇಳಿ. ಮಗಳ ಹತ್ತಿರವೂ ಮಾತಾಡಿ. ಅಡುಗೆಮನೆ ಬಾಗಿಲು ಅರ್ಧ ಮುಚ್ಚಿ ಮೆಲ್ಲಗೆ ಶುರು ಮಾಡಬಹುದು. ರಾತ್ರಿ ನಿಮ್ಮ ಕೋಣೆಯ ಬಾಗಿಲು ಸ್ವಲ್ಪ ತೆರೆದಿರಲಿ. ಅವರು ಪಾತ್ರೆ ತೊಳೆಯುವ, ಮಾತಾಡುವ ಸದ್ದು ನಿಮಗೆ ಕೇಳಲಿ. ಇಷ್ಟಾದರೂ ನಿದ್ದೆ ಬರದಿದ್ದರೆ ಒಮ್ಮೆ ಡಾಕ್ಟರಿಗೂ ತೋರಿಸಿ, ತಡ ಮಾಡಬೇಡಿ.

ಬಳೆ ಹಾಕಿಕೊಳ್ಳಿ ಅಮ್ಮ. ಮೊಮ್ಮಗಳು ಏನು ಹೇಳಿದಳು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ