ಮಾಡದ ತಪ್ಪಿಗೆ ಕೇಳಿದ ಕ್ಷಮೆ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರಿಂದ ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಕೊಡದೆ ಅವರನ್ನು ಶಿಕ್ಷಕಿ ಎಂದಷ್ಟೇ ಕರೆಯುತ್ತೇನೆ. ಅವರು ಕೋಲಾರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಪಾಠ ಹೇಳುವವರು, ನಲವತ್ತು ದಾಟಿದವರು, ಭಾನುವಾರದ ಆರಾಧನೆಯಲ್ಲಿ ಗಾಯನ ತಂಡದ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವರು. ಜುಲೈ ತಿಂಗಳ ಒಂದು ಸಂಜೆ ಪತಿಯೊಡನೆ, ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದು ಕುಳಿತ ಮೇಲೆ ಅವರು ಆಡಿದ ಮೊದಲ ಮಾತು, “ಮೇಡಂ, ನನ್ನ ನಂಬಿಕೆ ಸತ್ತುಹೋಗಿದೆ. ನಿಮ್ಮ ಹತ್ತಿರ ಬಂದಿರುವುದೇ ಅದಕ್ಕೆ ಸಾಕ್ಷಿ” ಎಂಬುದು.

ಅದಕ್ಕೆ 14 ತಿಂಗಳ ಹಿಂದೆ, ಮೇ ತಿಂಗಳಲ್ಲಿ, ಅವರ ತಾಯಿ ತೀರಿಕೊಂಡಿದ್ದರು. ತಾಯಿಗೆ 72 ವರ್ಷ. 12 ವರ್ಷಗಳಿಂದ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇದ್ದವು. ಶ್ರೀನಿವಾಸಪುರದ ನೆಂಟರು ಕೊಟ್ಟುಹೋಗಿದ್ದ ಮಾವಿನಹಣ್ಣಿನ ಬುಟ್ಟಿಯಿಂದ ತಾಯಿ ಯಾರಿಗೂ ಕಾಣದಂತೆ ಎರಡು ಹಣ್ಣು ತಿಂದಿದ್ದರು. ಮದುವೆಯೊಂದನ್ನು ಮುಗಿಸಿಕೊಂಡು ದಣಿದು ಮನೆಗೆ ಬಂದ ಮಗಳಿಗೆ ಅಡುಗೆಮನೆಯ ಮೂಲೆಯಲ್ಲಿ ವಾಟೆಗಳು ಕಂಡವು. “ಹೀಗೇ ತಿಂದು ಹಾಸಿಗೆ ಹಿಡಿದರೆ ನೋಡುವವರು ಯಾರು? ನನಗೂ ಸಾಕಾಗಿದೆ” ಎಂದು ಗದರಿದರು. ತಾಯಿ ಮರುಮಾತಾಡದೆ, ಊಟವನ್ನೂ ಮಾಡದೆ ಮಲಗಿದರು. ಬೆಳಿಗ್ಗೆ ಐದಕ್ಕೆ ಕಾಫಿ ತೆಗೆದುಕೊಂಡು ಹೋಗಿ ಎಬ್ಬಿಸಿದಾಗ ಮೈ ತಣ್ಣಗಾಗಿತ್ತು. ಹೃದಯಾಘಾತವೆಂದು ವೈದ್ಯರು ಹೇಳಿದರು. ಶಿಕ್ಷಕಿಯ ಮನಸ್ಸು ಮಾತ್ರ ಬೇರೆ ಕಾರಣವನ್ನು ಹಿಡಿದುಕೊಂಡಿತು: ನನ್ನ ಮಾತೇ ಅಮ್ಮನನ್ನು ಕೊಂದಿತು.

ಅಂದಿನಿಂದ ಅವರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಮೊಣಕಾಲೂರಿ ಕ್ಷಮೆ ಬೇಡುತ್ತಿದ್ದರು. ಆ ಮಾತು ನೆನಪಾದಾಗಲೆಲ್ಲ ‘ಯೇಸುವಿನ ನಾಮದಲ್ಲಿ ತೊಲಗು’ ಎಂದು ಗದರಿಸುತ್ತಿದ್ದರು. ಅದು ಹೋದಂತೆ ಮಾಡಿ, ತರಗತಿಯಲ್ಲಿ ಮಗ್ಗಿ ಹೇಳಿಸುವ ನಡುವೆಯೇ ಮತ್ತೆ ಬರುತ್ತಿತ್ತು. ಪ್ರಾರ್ಥನಾ ಕೂಟದ ಸಹೋದರಿಯೊಬ್ಬರು, ಅರಿಕೆ ಮಾಡದ ಪಾಪವೇನೋ ಉಳಿದಿರಬೇಕು, ಇಲ್ಲವೆಂದರೆ ಸಮಾಧಾನ ಸಿಗದೆ ಇರುತ್ತಿತ್ತೇ, ಉಪವಾಸ ಮಾಡಿ ನೋಡಿ ಎಂದರು. ಏಳು ದಿನ ಉಪವಾಸ ಮಾಡಿದರು. ಅಷ್ಟಿಷ್ಟು ಬರುತ್ತಿದ್ದ ನಿದ್ದೆಯೂ ಹೋಯಿತು. ಅಯೋಗ್ಯವಾಗಿ ತಿಂದು ಕುಡಿಯುವವನು ತನ್ನ ಮೇಲೇ ನ್ಯಾಯತೀರ್ಪನ್ನು ಬರಮಾಡಿಕೊಳ್ಳುತ್ತಾನೆ ಎಂಬ ಅರ್ಥದ, ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರಿಕೆಯ ಎಚ್ಚರಿಕೆಗೆ ಹೆದರಿ, ಒಂದು ವರ್ಷದಿಂದ ಕರ್ತನ ಭೋಜನದ (ಯೇಸುವಿನ ನೆನಪಿಗೆ ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ಹೊತ್ತಿಗೆ ಎದ್ದು ಹೊರಗೆ ಬಂದುಬಿಡುತ್ತಿದ್ದರು. ಹಾಡುವುದನ್ನೂ ಬಿಟ್ಟಿದ್ದರು.

ಮೊದಲ ಭೇಟಿಯಲ್ಲಿ ನಾನು ಬೈಬಲಿನ ವಾಕ್ಯ ತೆಗೆಯಲಿಲ್ಲ. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅವರಿಗೆ 27ಕ್ಕೆ 16 ಅಂಕ ಬಂದಿತು. ಅದು ಕೇವಲ ಬೇಸರವೆಂದು ಬಿಡುವ ಮಟ್ಟವಲ್ಲ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ಅನೇಕರು ಅಂಜುತ್ತಾರೆ. ಅದು ತಪ್ಪು ತಿಳಿವಳಿಕೆ, ಕೇಳಿದಾಗ ಹೆಚ್ಚಿನವರ ಮುಖದಲ್ಲಿ ನಾನು ಕಂಡಿರುವುದು ಬಿಡುಗಡೆ. ಬೆಳಿಗ್ಗೆ ಏಳದೆ ಹೋದರೆ ಒಳ್ಳೆಯದೆನಿಸುತ್ತದೆ, ಆದರೆ ಏನನ್ನೂ ಮಾಡಿಕೊಳ್ಳುವ ಯೋಚನೆಯಿಲ್ಲ ಎಂದರು. ಅವರ ಒಪ್ಪಿಗೆಯಿಂದ ಪತಿಗೂ ಇದನ್ನು ತಿಳಿಸಿ, ರಾತ್ರಿ ಯಾವ ಹೊತ್ತಿಗೆ ಬೇಕಾದರೂ ಕರೆ ಮಾಡಬಹುದಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಟ್ಟು, ಮನೋವೈದ್ಯರ ಬಳಿಗೆ ಚೀಟಿ ಬರೆದೆ.

ಮಾತ್ರೆ ಎಂದೊಡನೆ ಶಿಕ್ಷಕಿ ಹಿಂಜರಿದರು. ದೇವರನ್ನು ನಂಬುವವಳು ಮನಸ್ಸಿಗೆ ಮಾತ್ರೆ ನುಂಗಿದರೆ ಅದು ಅಪನಂಬಿಕೆಯಲ್ಲವೇ ಎಂಬುದು ಅವರ ಪ್ರಶ್ನೆ. “12 ವರ್ಷ ನಿಮ್ಮ ತಾಯಿಗೆ ಸಕ್ಕರೆಯ ಮಾತ್ರೆಯನ್ನು ನೀರಿನ ಜೊತೆ ಕೈಗಿಡುತ್ತಿದ್ದವರು ನೀವೇ. ಅಮ್ಮನನ್ನು ಒಂದು ದಿನವಾದರೂ ಅಪನಂಬಿಕೆಯವಳು ಅಂದುಕೊಂಡಿರಾ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಇಲ್ಲವೆಂದು ತಲೆಯಾಡಿಸಿದರು. ಬೈಬಲಿನ ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ಮನೆಯಲ್ಲಿ ನಿಧಾನವಾಗಿ ಓದಿಬರಲು ಹೇಳಿ ಕಳುಹಿಸಿದೆ. ಅಲ್ಲಿ ಪ್ರವಾದಿ ಎಲೀಯನು ಅರಣ್ಯದಲ್ಲಿ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡುತ್ತಾನೆ. ದೇವದೂತನು ಅವನನ್ನು ಗದರುವುದಿಲ್ಲ, ಬೋಧಿಸುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಟ್ಟು ತಿನ್ನು ಎನ್ನುತ್ತಾನೆ, ಮಲಗಗೊಡುತ್ತಾನೆ, ಎಬ್ಬಿಸಿ ಮತ್ತೆ ತಿನ್ನು ಎನ್ನುತ್ತಾನೆ. ದೇವರ ಸಣ್ಣ ಧ್ವನಿ ಕೇಳಿಸುವುದು ಅದಾದ 40 ದಿನಗಳ ಪ್ರಯಾಣದ ಮೇಲೆ. ‘ಸಾಕು’ ಎಂದ ಪ್ರವಾದಿಯೂ ಇದ್ದ ಎಂಬುದು ಶಿಕ್ಷಕಿಯನ್ನು ತಟ್ಟಿತು, ಏಕೆಂದರೆ ಅವರನ್ನು ಕೊರೆಯುತ್ತಿದ್ದದ್ದು ಅದೇ ಪದ. ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆಯೂ ಕಂಡುಬಂದಿತು. ಉಪವಾಸ ನಿಂತಿತು, ಚಿಕಿತ್ಸೆ ಶುರುವಾಯಿತು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರಗಳೇ ಬೇಕು, ನಾಲ್ಕೇ ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ ಎಂದು ಪತಿಗೂ ಹೇಳಿದ್ದೆ.

ಮೂರನೆಯ ಭೇಟಿಯಲ್ಲಿ ಆ ‘ತೊಲಗು’ ಎಂಬ ಪ್ರಾರ್ಥನೆಯನ್ನು ಕೈಗೆತ್ತಿಕೊಂಡೆವು. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯನ್ನು ನೆನೆಯಲೇಬೇಡಿ ಎಂದು ಹೇಳಿಸಿಕೊಂಡವರಿಗೆ ಅದನ್ನು ದೂರವಿಡಲು ಆಗಲಿಲ್ಲ. ನಿರ್ಬಂಧ ತೆಗೆದ ಮೇಲಂತೂ ಅದು ಇನ್ನಷ್ಟು ಹೆಚ್ಚಾಗಿ ನೆನಪಿಗೆ ಬಂದಿತು. ಆಲೋಚನೆಗಳನ್ನೆಲ್ಲ ಸೆರೆಹಿಡಿದು ಕ್ರಿಸ್ತನಿಗೆ ವಿಧೇಯವಾಗಿಸಬೇಕು ಎಂದು ಪೌಲನೇ ಬರೆದಿದ್ದಾನಲ್ಲ ಎಂದು ಶಿಕ್ಷಕಿ ವಾದಿಸಿದರು. ಆ ಮಾತನ್ನು ಪೌಲನು ಕೊರಿಂಥದಲ್ಲಿ ತನ್ನನ್ನು ಎದುರಿಸಿದವರ ವಾದಗಳ ಕುರಿತು ಬರೆದದ್ದು ಎಂಬುದನ್ನು ಬದಿಗಿಟ್ಟು, ಅವರು ಹಿಡಿದ ಅರ್ಥದಲ್ಲೇ ನೋಡಿದರೂ, ಸೆರೆಹಿಡಿಯುವುದೆಂದರೆ ಅಟ್ಟಿ ಓಡಿಸುವುದಲ್ಲ. ಹಿಡಿದವನನ್ನು ಮುಂದೆ ನಿಲ್ಲಿಸಿ ವಿಚಾರಿಸಬೇಕು. ಶಾಲೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ಮೇಲೆ ದೂರು ತಂದರೆ ಎರಡೂ ಕಡೆ ಕೇಳದೆ ನೀವು ಶಿಕ್ಷೆ ಕೊಡುತ್ತೀರಾ ಎಂದೆ. ಅಂದಿನಿಂದ ಆ ಯೋಚನೆ ಬಂದಾಗ ಅದನ್ನು ಗದರಿಸದೆ, ‘ಮತ್ತೆ ಆ ದೂರು ಬಂತು’ ಎಂದು ಗುರುತಿಸಿ, ಸಂಜೆ ಆರರಿಂದ ಆರೂವರೆಯವರೆಗೆ ನೋಟ್ ಪುಸ್ತಕದಲ್ಲಿ ಅದನ್ನು ವಿಚಾರಣೆಗೆ ತೆಗೆದುಕೊಳ್ಳುವ ಪಾಠ ಆರಂಭವಾಯಿತು.

ವಿಚಾರಣೆಯೆಂದರೆ ಹೀಗೆ. ಪುಟದ ಒಂದು ಕಡೆ ಆರೋಪ, ಇನ್ನೊಂದು ಕಡೆ ನಡೆದದ್ದು. ಎರಡು ದಿನ ಮೊದಲೇ ತಾಯಿ ಎದೆಯುರಿ ಎಂದಿದ್ದರು; ಆಸ್ಪತ್ರೆಗೆ ಹೋಗೋಣವೆಂದರೆ ಗ್ಯಾಸ್ ಎಂದು ತಳ್ಳಿಹಾಕಿದ್ದರು; ಆಟೋವನ್ನೂ ಕರೆಸಿ ವಾಪಸು ಕಳುಹಿಸಬೇಕಾಗಿ ಬಂದಿತ್ತು. ಇವೆಲ್ಲ 14 ತಿಂಗಳಲ್ಲಿ ಅವರ ನೆನಪಿಗೇ ಬಂದಿರಲಿಲ್ಲ. ಹೀಗೆ ಬರೆಯುತ್ತ ಐದನೆಯ ಭೇಟಿಯ ಹೊತ್ತಿಗೆ ನಮಗಿಬ್ಬರಿಗೂ ಸ್ಪಷ್ಟವಾದ ಸಂಗತಿಯೊಂದಿದೆ. ಈ ಪ್ರಕರಣವನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ. ಅವರು ಒಂದೇ ಗಂಟಿನಲ್ಲಿ ಎರಡನ್ನು ಹೊತ್ತಿದ್ದರು. ಒಂದು, ದಣಿದಿದ್ದಾಗ ತಾಯಿಗೆ ನೋವಾಗುವಂತೆ ಆಡಿದ ಮಾತು. ಅದು ನಿಜ, ಅದು ಅವರದೇ. ಇನ್ನೊಂದು, ತಾಯಿಯ ಸಾವು, ಅದು ಅವರದಲ್ಲ. ರಾತ್ರಿಯಿಡೀ ಅವರು ಕ್ಷಮೆ ಕೇಳುತ್ತಿದ್ದದ್ದು ಎರಡನೆಯದಕ್ಕೆ, ‘ಅಮ್ಮನನ್ನು ಕೊಂದ’ ಪಾಪಕ್ಕೆ. ಮಾಡದ ತಪ್ಪಿಗೆ ಕ್ಷಮೆಯನ್ನು ಪಡೆಯಲು ಯಾರಿಂದಲೂ ಆಗದು. ಅಲ್ಲಿ ಬೇಕಾಗಿರುವುದು ಸತ್ಯ. ಸಾವಿರ ಸಲ ಬೇಡಿದರೂ ಸಮಾಧಾನ ಸಿಗದೆ ಇದ್ದದ್ದು ಅವರ ನಂಬಿಕೆ ಸತ್ತದ್ದರಿಂದಲ್ಲ. ಮೊದಲನೆಯದನ್ನೋ, ಆಡಿದ ಆ ಒಂದು ಮಾತನ್ನು, ಅದರ ಅಳತೆಯಲ್ಲಿ ಹೆಸರಿಟ್ಟು ಅವರು ಒಮ್ಮೆಯೂ ಅರಿಕೆ ಮಾಡಿರಲಿಲ್ಲ.

ಇಲ್ಲಿ ಆಪ್ತಸಲಹೆಗಾರರೂ ಎಡವುವುದುಂಟು. ‘ನಿಮ್ಮದೇನೂ ತಪ್ಪಿಲ್ಲ, ಮರೆತುಬಿಡಿ’ ಎಂದು ಎರಡನ್ನೂ ಒಟ್ಟಿಗೆ ಅಳಿಸಲು ಹೋದರೆ ಮನಸ್ಸಾಕ್ಷಿಯುಳ್ಳ ವ್ಯಕ್ತಿ ಒಪ್ಪುವುದಿಲ್ಲ, ಏಕೆಂದರೆ ಒಂದು ನಿಜವೆಂದು ಅವರಿಗೆ ಗೊತ್ತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲನು ದುಃಖವನ್ನು ಎರಡಾಗಿ ವಿಂಗಡಿಸುತ್ತಾನೆ: ಒಂದು ತಿರುಗಿಕೊಳ್ಳುವಂತೆ ಮಾಡಿ ಬದುಕಿಸುತ್ತದೆ, ಇನ್ನೊಂದು ಮರಣಕ್ಕೆ ಒಯ್ಯುತ್ತದೆ. ಯೇಸುವಿನ ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಗುರುವಿಗೆ ತಪ್ಪಿನಡೆದವರು. ಪೇತ್ರನು ಅತ್ತು ಉಳಿದವರ ನಡುವೆಯೇ ಉಳಿದನು, ಯೂದನು ಒಬ್ಬನೇ ಹೊರಟುಹೋಗಿ ಪ್ರಾಣ ಕಳೆದುಕೊಂಡನು. ಶಿಕ್ಷಕಿ ಭೋಜನದ ಹೊತ್ತಿಗೆ ಹೊರಗೆ ಹೋಗುತ್ತಿದ್ದದ್ದು ನನ್ನನ್ನು ಕಳವಳಗೊಳಿಸಿದ್ದು ಈ ಕಾರಣಕ್ಕೇ.

ಅವರ ಅನುಮತಿಯಿಂದ ಅವರ ಚರ್ಚಿನ ಸಭಾಪಾಲಕರೊಡನೆ ಮಾತಾಡಿದೆ. ಅಯ್ಯನವರು ಬಹಳ ಸೂಕ್ಷ್ಮವಾಗಿ ನಡೆದುಕೊಂಡರು. ಕೊರಿಂಥದ ಆ ಎಚ್ಚರಿಕೆ, ಹಸಿದ ಬಡವರಿಗೆ ಕಾಯದೆ ತಾವೇ ಮೊದಲು ತಿಂದು ಕುಡಿದವರ ನಡತೆಯನ್ನು ಕಂಡು ಬರೆದದ್ದೇ ಹೊರತು ಶೋಕದಲ್ಲಿರುವವರನ್ನು ಮೇಜಿನಿಂದ ದೂರವಿಡಲು ಬರೆದದ್ದಲ್ಲವೆಂದು ವಿವರಿಸಿದರು. ಸೆಪ್ಟೆಂಬರ್‌ನಲ್ಲಿ ಶಿಕ್ಷಕಿ ಅವರ ಮುಂದೆ, ‘ನನಗೂ ಸಾಕಾಗಿದೆ ಎಂದು ಅಮ್ಮನಿಗೆ ಹೇಳಿದೆ, ಅಮ್ಮ ಉಣ್ಣದೆ ಮಲಗಿದಳು’ ಎಂದು ಅಷ್ಟನ್ನೇ, ಹೆಚ್ಚಿಸದೆ, ತಗ್ಗಿಸದೆ, ಅರಿಕೆ ಮಾಡಿಕೊಂಡರು. ಅಯ್ಯನವರು ಕ್ಷಮೆಯ ವಾಕ್ಯವನ್ನು ಓದಿದರು. ಮುಂದಿನ ತಿಂಗಳ ಭೋಜನದಲ್ಲಿ ಶಿಕ್ಷಕಿ ಹಿಂದಿನ ಸಾಲಿನಿಂದ ಎದ್ದು ಮುಂದೆ ಹೋದರಂತೆ. ರೊಟ್ಟಿ ಕೈಗೆ ಬಂದಾಗ ಏನೂ ಅನಿಸಲಿಲ್ಲ ಎಂದು ನನ್ನ ಬಳಿ ಸಂಕಟಪಟ್ಟರು. ಅನಿಸಬೇಕಾದದ್ದು ಏನೂ ಇಲ್ಲ, ಹೋದದ್ದೇ ಸಾಕು ಎಂದೆ.

ಅಪರಾಧಭಾವ ಇಳಿಯತೊಡಗಿದಾಗ ಅದರಡಿಯಲ್ಲಿದ್ದ ಶೋಕ ಮೇಲೆ ಬಂತು. ಅವರು ತಾಯಿಗಾಗಿ ಇನ್ನೂ ಅತ್ತೇ ಇರಲಿಲ್ಲ. ಅಳುವುದು ಪುನರುತ್ಥಾನದ ನಿರೀಕ್ಷೆಯಿಲ್ಲದವರ ಲಕ್ಷಣವೆಂದು ಯಾರೋ ಸಾವಿನ ಮನೆಯಲ್ಲೇ ಹೇಳಿದ್ದರು. ಇದನ್ನು ಕೇಳಿದಾಗ ನನಗೆ ನಿಜವಾಗಿಯೂ ನೋವಾಯಿತು. ಕೋಲಾರದ ಕ್ರೈಸ್ತ ಸಭೆಗಳ ಚರಿತ್ರೆ 1876–78ರ ಮಹಾಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು ಅನಾಥಾಲಯ ಸೇರಿದ ಮಕ್ಕಳೊಂದಿಗೆ ಹೆಣೆದುಕೊಂಡಿದೆ. ಶಿಕ್ಷಕಿಯ ಮನೆತನದ ಹಿರಿಯರೊಬ್ಬರೂ ಅಂಥ ಮಗುವೇ ಎಂದು ಅವರ ಮನೆಯ ನೆನಪು. ಅಮ್ಮನಿಗಾಗಿ ಅತ್ತ ಮಕ್ಕಳಿಂದ ಬೆಳೆದ ಸಭೆಯಲ್ಲಿ ಅಳುವಿಗೆ ಜಾಗವಿಲ್ಲವೆಂದರೆ ಹೇಗೆ?

ಬೈಬಲಿನ ಹದಿಮೂರನೆಯ ಕೀರ್ತನೆಯನ್ನು ಒಟ್ಟಿಗೆ ಓದಿದೆವು. ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ, ಅದಾದ ಮೇಲೆ ಬೇಡಿಕೆ, ಕೊನೆಗೆ ಭರವಸೆ. ಎಂಬತ್ತೆಂಟನೆಯ ಕೀರ್ತನೆಯಲ್ಲಂತೂ ಕೊನೆಗೂ ಬೆಳಕಿಲ್ಲ, ಅದು ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ಪ್ರಾರ್ಥನೆಯೇ. ಇದೇ ಕ್ರಮದಲ್ಲಿ ನಿಮ್ಮದೊಂದು ಬರೆಯಿರಿ ಎಂದೆ. ಎರಡು ವಾರ ಹಾಳೆ ಖಾಲಿಯಿತ್ತು. ಕೇಳುತ್ತ ಹೋದಂತೆ ಕಾರಣ ತಿಳಿಯಿತು: ಅವರು ಪ್ರಾರ್ಥಿಸುವುದು ದೇವಾಲಯದ ಗ್ರಾಂಥಿಕ ಕನ್ನಡದಲ್ಲಿ, ಅಮ್ಮನೊಡನೆ ಜಗಳವಾಡಿದ್ದು, ನಕ್ಕದ್ದು, ಆ ಕಡೆಯ ಮಾತನ್ನು ಆಡಿದ್ದು ಮನೆಯ ತೆಲುಗಿನಲ್ಲಿ. ನಮ್ಮ ಗಡಿ ಜಿಲ್ಲೆಯ ಎಷ್ಟೋ ಮನೆಗಳ ಹಾಗೆ. ಅಮ್ಮನೊಡನೆ ಮಾತಾಡಿದ ನುಡಿಯಲ್ಲೇ ದೇವರಿಗೂ ಬರೆಯಿರಿ ಎಂದೆ. ಕನ್ನಡ ಲಿಪಿಯಲ್ಲಿ ತೆಲುಗು ಮಾತುಗಳನ್ನು ಬರೆದುಕೊಂಡು ಬಂದರು. ಎರಡು ಪುಟ, ಬರೀ ‘ಎಷ್ಟರವರೆಗೆ’. ಓದುತ್ತ ಮೊದಲ ಬಾರಿಗೆ ಜೋರಾಗಿ ಅತ್ತರು. ಭರವಸೆಯ ವಚನ ಬರೆಯಲಾಗಲಿಲ್ಲ ಎಂದಾಗ, ಜಾಗ ಬಿಟ್ಟಿಡಿ, ಬಂದಾಗ ಬರೆಯಬಹುದು ಎಂದು ಹೇಳಿದೆ.

ಉಳಿದ ಸಲಹೆಗಳು ಸರಳ. ಮೂರಕ್ಕೆ ಎಚ್ಚರವಾದರೆ ಕ್ಷಮೆ ಬೇಡಲು ಏಳಕೂಡದು. ಬಾಯಿಗೆ ಬರುವ ಒಂದು ಕೀರ್ತನೆಯನ್ನು ಉಸಿರಿನ ಲಯಕ್ಕೆ ನಿಧಾನವಾಗಿ ಹೇಳಿಕೊಂಡು ಮಲಗಿರಬೇಕು. ಬೆಳಿಗ್ಗೆ ಪತಿಯೊಡನೆ ಅಂತರಗಂಗೆ ಬೆಟ್ಟದ ಕಡೆಗೆ ಅರ್ಧ ಗಂಟೆ ನಡೆಯಬೇಕು, ಮನಸ್ಸು ಬಂದ ಮೇಲೆ ನಡೆಯುತ್ತೇನೆಂದು ಕಾಯಬಾರದು, ನಡೆದ ಮೇಲೆ ಮನಸ್ಸು ಬರುತ್ತದೆ. ಪತಿಗೆ ಹೇಳಿದ್ದು, ಸಮಾಧಾನದ ಮಾತು ಹುಡುಕಬೇಡಿ, ಅತ್ತೆಯವರ ಹೆಸರನ್ನು ಮನೆಯಲ್ಲಿ ದಿನಾಲೂ ಎತ್ತಿ ಎಂದು. ಕೂಟದ ಆ ಸಹೋದರಿಯನ್ನು ಶಿಕ್ಷಕಿಯೇ ಭೇಟಿಯಾಗಿ, ನೀವು ಪಾಪ ಹುಡುಕಿದ್ದಕ್ಕಿಂತ ಒಂದು ಹೊತ್ತು ಊಟ ತಂದಿದ್ದರೆ ನನಗೆ ಹೆಚ್ಚು ಉಪಕಾರವಾಗುತ್ತಿತ್ತು ಎಂದು ಸಮಾಧಾನದಿಂದಲೇ ಹೇಳಿದರು. ಆಕೆಯೂ ಒಳ್ಳೆಯ ಮನಸ್ಸಿನವರು, ಈಗ ವಾರಕ್ಕೊಮ್ಮೆ ಬರುತ್ತಾರೆ.

ಐದು ತಿಂಗಳಲ್ಲಿ 11 ಭೇಟಿಗಳಾದವು. ಅಂಕ 16ರಿಂದ 6ಕ್ಕೆ ಇಳಿದಿದೆ. ನವೆಂಬರ್‌ನಲ್ಲಿ ಒಂದು ವಾರ ಎಲ್ಲವೂ ಹಿಂದಕ್ಕೆ ಹೋದಂತಾಗಿತ್ತು. ನೋಟ್ ಪುಸ್ತಕವನ್ನು ಮತ್ತೆ ತೆರೆದು ಎದ್ದುಬಂದರು. ಆ ಮಾತು ಈಗಲೂ ನೆನಪಾಗುತ್ತದೆ, ಆದರೆ ಕೂತು ಮಾತಾಡಿಸಿದರೆ ಹೋಗುತ್ತದೆ ಎನ್ನುತ್ತಾರೆ. ಕ್ರಿಸ್ಮಸ್ಸಿಗೆ ಗಾಯನ ತಂಡದಲ್ಲಿ ಎರಡನೆಯ ಸಾಲಿನಲ್ಲಿ ನಿಂತಿದ್ದರು. ಗುಣವಾದ ಮೇಲೂ ಕೆಲವು ತಿಂಗಳು ಮಾತ್ರೆ ಮುಂದುವರಿಯಬೇಕೆಂದು ಮನೋವೈದ್ಯರು ಹೇಳಿದ್ದಾರೆ. ಮುಂದಿನ ಭೇಟಿಯನ್ನು ಮೇ ತಿಂಗಳಲ್ಲಿ, ತಾಯಿ ತೀರಿಕೊಂಡ ವಾರಕ್ಕೇ ಗೊತ್ತುಮಾಡಿದ್ದೇವೆ. ಆ ವಾರ ಮನೆಗೆ ಮಾವಿನಹಣ್ಣು ತರಿಸುವುದೋ ಬೇಡವೋ ಎಂಬುದನ್ನು ಅವರು ಇನ್ನೂ ನಿರ್ಧರಿಸಿಲ್ಲ.