ಲೆಕ್ಕ ಚಿಪ್ಪಿನಲ್ಲಿದೆಯೋ, ಓದುವವರಲ್ಲೋ?

ಪ್ರಶ್ನೆ: ಮಿದುಳೂ ಒಂದು ಕಂಪ್ಯೂಟರೇ ಎಂದು ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗ ವಾದಿಸುತ್ತಾನೆ. ಗಣನೆ ಎಂಬುದು ತೂಕದ ಹಾಗೆ ವಸ್ತುವಿನಲ್ಲೇ ಇರುವ ಗುಣವೇ, ಇಲ್ಲವೇ ನೋಡುವವರು ಹಚ್ಚುವ ಹೆಸರೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ 7408 ಎಂಬ ಐಸಿ, ಅಂದರೆ ಚಿಪ್ ತರಲು ಮಗನಿಗೆ ಹೇಳಿ. ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ನಾನು ವಿದ್ಯಾರ್ಥಿಗಳ ಕೈಗೆ ಮೊದಲು ಕೊಡುತ್ತಿದ್ದುದು ಅದನ್ನೇ. ಹದಿನಾಲ್ಕು ಕಾಲಿನ ಕಪ್ಪು ತುಂಡು. 14ನೆಯ ಕಾಲಿಗೆ 5 ವೋಲ್ಟ್ ಕೊಟ್ಟು, 7ನೆಯದನ್ನು ಗ್ರೌಂಡ್‌ಗೆ ಸೇರಿಸಿ. 1 ಮತ್ತು 2ನೆಯ ಕಾಲುಗಳೆರಡಕ್ಕೂ 5 ವೋಲ್ಟ್ ಸಿಕ್ಕಾಗ ಮಾತ್ರ 3ನೆಯ ಕಾಲಿನಲ್ಲಿ ಮಲ್ಟಿಮೀಟರಿನ ಮುಳ್ಳು ಮೇಲೇರುತ್ತದೆ. ಒಂದನ್ನು ಗ್ರೌಂಡ್‌ಗೆ ಸೇರಿಸಿದರೂ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ. ಹೆಚ್ಚಿನ ವೋಲ್ಟೇಜನ್ನು 1, ಕಡಿಮೆಯದನ್ನು 0 ಎಂದು ಓದಿದರೆ ಇದು ಎರಡೂ ಕಡೆ 1 ಬಂದರೆ ಮಾತ್ರ 1 ಕೊಡುವ ಆ್ಯಂಡ್ ಗೇಟ್. ಓದುವ ಕ್ರಮ ತಿರುಗಿಸಿ, ಕಡಿಮೆಯದನ್ನು 1 ಎನ್ನಿ. ಒಂದು ತಂತಿಯನ್ನೂ ಮುಟ್ಟದೆ ಅದೇ ತುಂಡು ಒಂದು ಕಡೆ 1 ಬಂದರೂ 1 ಕೊಡುವ ಆರ್ ಗೇಟ್ ಆಗುತ್ತದೆ!

ಗಣನೆ ಭೌತವಸ್ತುವಿನ ಸ್ವಂತ ಗುಣವಲ್ಲ, ನೋಡುವವರನ್ನು ಅವಲಂಬಿಸಿದ್ದು ಎಂದು ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1990ರಲ್ಲಿ ವಾದಿಸಿದರು. ಆ ಲೆಕ್ಕದಲ್ಲಿ ಬೆನ್ನ ಹಿಂದಿನ ಗೋಡೆಯೂ ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶವಾದ ವರ್ಡ್‌ಸ್ಟಾರ್ ನಡೆಸುತ್ತಿದೆ ಎನ್ನಬಹುದು ಎಂದರು. ಅಷ್ಟು ದೂರ ನಾನು ಹೋಗಲಾರೆ. ಬಂಡೆಯ ಬಗ್ಗೆ ಇಂಥದ್ದೇ ವಾದ ಹೂಡಿದ್ದ ತತ್ವಜ್ಞಾನಿ ಹಿಲರಿ ಪಟ್ನಮ್ ಅವರಿಗೆ ಇನ್ನೊಬ್ಬ ತತ್ವಜ್ಞಾನಿ ಡೇವಿಡ್ ಚಾಮರ್ಸ್ 1996ರಲ್ಲಿ ಕೊಟ್ಟ ಉತ್ತರ ನನಗೆ ಸರಿಯೆನಿಸುತ್ತದೆ. ಗೋಡೆಯ ಅಣುಗಳು ಅಲುಗಾಡಿದ ಮೇಲೆ ಅವಕ್ಕೆ ಬೇಕಾದ ಹೆಸರು ಹಚ್ಚಬಹುದು. ಬೇರೆ ಕೀಲಿ ಒತ್ತಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಗೋಡೆಯಲ್ಲಿ ಉತ್ತರವಿಲ್ಲ. 7408ರಲ್ಲಿ ಇದೆ: ಹೀಗೆ ಕೊಟ್ಟರೆ ಹೀಗೇ ಬರುತ್ತದೆ. ಆ ಕಟ್ಟುಪಾಡು ಸಿಲಿಕಾನಿನದು. ಆ್ಯಂಡ್, ಆರ್ ಎಂಬುದಷ್ಟೇ ನಮ್ಮದು.

ಮಿದುಳಿನ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ನಡುರಾತ್ರಿ ಹಲ್ಲು ನೋಯುವಾಗ ಯಾರೂ ಹೊರಗೆ ನಿಂತು ನರಗಳ ಮಿಡಿತವನ್ನು ಓದುತ್ತಿರುವುದಿಲ್ಲ. ಇದ್ದರೂ, 1 ಮತ್ತು 0 ಅದಲುಬದಲು ಮಾಡಿ ಓದಿದ ಮಾತ್ರಕ್ಕೆ ನೋವು ಇಳಿಯುವುದಿಲ್ಲ. ಹಾಗಾಗಿ ನಾವು ಹಚ್ಚುವ ಹೆಸರುಗಳ ಲೆಕ್ಕವೇ ಮನಸ್ಸು ಎಂದು ಮಗ ಹೇಳುತ್ತಿದ್ದರೆ, ನಾನು ಒಪ್ಪುವುದಿಲ್ಲ. ನರಕೋಶಗಳ ನಡುವಿನ ಕಾರ್ಯಕಾರಣದ ಕಟ್ಟೇ ಮನಸ್ಸು ಎನ್ನುತ್ತಿದ್ದರೆ ಅದು ಗಟ್ಟಿಯಾದ ವಾದ. ಆದರೆ ಯಾವ ಕಟ್ಟು, ಮತ್ತು ಅದಕ್ಕೆ ನೋವಾಗುವುದು ಏಕೆ ಎಂಬುದನ್ನು ಅವನು ಹೇಳಬೇಕು. ಎರಡರಲ್ಲಿ ಅವನದು ಯಾವುದು ಎಂದು ಕೇಳಿ ಬರೆಯಿರಿ.