ಕಸ್ಟಮ್ಸ್‌ನಲ್ಲಿ ಪ್ರಿವೆಂಟಿವ್ ಆಫೀಸರ್ ದೊಡ್ಡ ಹುದ್ದೆಯಾ, ಎಕ್ಸಾಮಿನರ್ ದೊಡ್ಡದಾ?

ಸಿರುಗುಪ್ಪದಿಂದ ಬರೆದಿದ್ದೀರಿ. ತಂಗಿ ಕೇಂದ್ರ ಸರ್ಕಾರದ ನೇಮಕಾತಿಗೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆ ಬರೆದಿದ್ದಾಳೆ, ಕಸ್ಟಮ್ಸ್ ಅಂದರೆ ಸುಂಕ ಇಲಾಖೆಯ ಇವೆರಡು ಹುದ್ದೆಗಳಲ್ಲಿ ಯಾವುದನ್ನು ಮೊದಲ ಆಯ್ಕೆ ಮಾಡಬೇಕು, ಬಿಳಿ ಸಮವಸ್ತ್ರದ ಪ್ರಿವೆಂಟಿವ್ ಆಫೀಸರ್ ಹುದ್ದೆಯೇ ಮೇಲಲ್ವಾ ಅಂತ ಕೇಳಿದ್ದೀರಿ. ಎರಡೂ ಇನ್‌ಸ್ಪೆಕ್ಟರ್ ದರ್ಜೆಯವೇ. ಸಂಬಳವೂ ಒಂದೇ, ಕೇಂದ್ರ ಸರ್ಕಾರದ ವೇತನ ಶ್ರೇಣಿಯಲ್ಲಿ ಲೆವೆಲ್ 7.

ನಾನು ಬಳ್ಳಾರಿಯವನು. 2007ರಲ್ಲಿ ಅದಿರು ರಫ್ತು ಮಾಡುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡುವ ಕೆಲಸದಲ್ಲಿದ್ದೆ. ನಮ್ಮ ಅದಿರು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತಿತ್ತು, ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ದಾಖಲೆ, ಅಂದರೆ ಶಿಪ್ಪಿಂಗ್ ಬಿಲ್ ಹಿಡಿದು ನಾನೂ ಹೋಗುತ್ತಿದ್ದೆ. ಬಂದರಿನಲ್ಲಿ ಬಿಳಿ ಬಟ್ಟೆ, ಹೆಗಲ ಮೇಲೆ ಪಟ್ಟಿ ಇದ್ದವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದೆ. ಮಾಮೂಲಿ ಅಂಗಿಯಲ್ಲಿ ಬಂದು ಅದಿರಿನ ಮಾದರಿ ತೆಗೆಸಿದವರನ್ನು ಗುಮಾಸ್ತ ಅಂದುಕೊಂಡಿದ್ದೆ. ಅವರೇ ಎಕ್ಸಾಮಿನರ್.

ಆ ವರ್ಷ ಅದಿರಿನ ಪುಡಿಯಲ್ಲಿ ಕಬ್ಬಿಣದ ಅಂಶ 62 ಶೇಕಡಾ ಒಳಗಿದ್ದರೆ ಟನ್ನಿಗೆ 50 ರೂಪಾಯಿ ರಫ್ತು ಸುಂಕ, ದಾಟಿದರೆ 300 ರೂಪಾಯಿ ಅಂತ ಆಯ್ತು. 50,000 ಟನ್ನಿನ ಒಂದು ಹಡಗು ಅಂದುಕೊಳ್ಳಿ. ವ್ಯತ್ಯಾಸ 1.25 ಕೋಟಿ! ಅದು ನಿಲ್ಲುವುದು ಆ ಒಂದು ಚೀಲ ಮಾದರಿಯ ಮೇಲೆ. ಅದನ್ನು ಸರಿಯಾಗಿ ತೆಗೆಸಿ, ಸೀಲ್ ಹಾಕಿಸುವವರ ಹೆಗಲ ಮೇಲೆ ಒಂದು ನಕ್ಷತ್ರವೂ ಇರುವುದಿಲ್ಲ.

ಹಾಗಂತ ಬಿಳಿ ಸಮವಸ್ತ್ರ ಸುಮ್ನೆ ತೋರಿಕೆಗಲ್ಲ. ಪ್ರಿವೆಂಟಿವ್ ಆಫೀಸರ್ ಹಡಗು ಹತ್ತಿ ತಪಾಸಣೆ ಮಾಡಬೇಕು, ರಾತ್ರಿ ಪಾಳಿಯಲ್ಲಿ ವಿಮಾನ ನಿಲ್ದಾಣದಲ್ಲಿ ನಿಂತು ಕಳ್ಳಸಾಗಣೆ ಹಿಡಿಯಬೇಕು. ಎದುರಿಗಿರುವವರಿಗೆ ಇವರು ಸರ್ಕಾರದವರು ಅಂತ ನೋಡಿದ ಕೂಡಲೇ ಗೊತ್ತಾಗಲೇಬೇಕು.

ಮುಂದಿನ ಬಡ್ತಿ ಹೀಗೆ: ಪ್ರಿವೆಂಟಿವ್ ಆಫೀಸರ್ ಸೂಪರಿಂಟೆಂಡೆಂಟ್ ಆಗುತ್ತಾರೆ, ಎಕ್ಸಾಮಿನರ್ ಅಪ್ರೈಸರ್, ಅಂದರೆ ಸರಕಿನ ಬೆಲೆ, ಸುಂಕ ನಿರ್ಧರಿಸುವವರು ಆಗುತ್ತಾರೆ. ಎರಡೂ ಗೆಜೆಟೆಡ್. ಆಮೇಲೆ ದಾರಿ ಒಂದೇ, ಅಸಿಸ್ಟೆಂಟ್ ಕಮಿಷನರ್. ಯುಪಿಎಸ್‌ಸಿ ಪಾಸಾದವರು ಶುರು ಮಾಡುವುದೇ ಅಲ್ಲಿಂದ. ಅದರ ಮೇಲೆ ಡೆಪ್ಯುಟಿ, ಜಾಯಿಂಟ್, ಅಡಿಷನಲ್, ಕಮಿಷನರ್, ಹೀಗೆ ಚೀಫ್ ಕಮಿಷನರ್‌ವರೆಗೆ.

ಇಲಾಖೆಯ ಧ್ಯೇಯವಾಕ್ಯ 'ದೇಶಸೇವಾರ್ಥ ಕರಸಂಚಯ', ಅಂದರೆ ದೇಶದ ಸೇವೆಗಾಗಿ ತೆರಿಗೆ ಸಂಗ್ರಹ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಅನ್ನುವ ಗಾದೆಯನ್ನು ನೆಂಟರು ತಂಗಿಗೆ ಹೇಳೇ ಹೇಳುತ್ತಾರೆ. ಬಸವಣ್ಣನವರ ಕಾಲದಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡಿದ್ದ ಸುಂಕದ ಬಂಕಣ್ಣ ಎಂಬ ವಚನಕಾರರಿದ್ದರು ಅಂತ ಅವಳಿಗೆ ಹೇಳಿ.

ದಾಖಲೆ, ಲೆಕ್ಕ, ಸರಕಿನ ಬೆಲೆ ಹಿಡಿಸುತ್ತದೆ ಅಂದರೆ ಮೊದಲ ಆಯ್ಕೆ ಎಕ್ಸಾಮಿನರ್ ಅಂತ ಬರೆಯಲಿ. ಓಡಾಟ, ರಾತ್ರಿ ಪಾಳಿ ಒಗ್ಗುತ್ತದೆ ಅಂದರೆ ಇನ್ನೊಂದು. ಎರಡಕ್ಕೂ ಬಂದರು, ವಿಮಾನ ನಿಲ್ದಾಣ ಇರುವ ಊರಿಗೇ ಹೋಗಬೇಕು, ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ದೈಹಿಕ ಪರೀಕ್ಷೆಯೂ ಎರಡಕ್ಕೂ ಇದೆ. ಹೆಣ್ಣುಮಕ್ಕಳು 20 ನಿಮಿಷದಲ್ಲಿ 1 ಕಿಲೋಮೀಟರ್ ನಡೆಯಬೇಕು. ತಂಗಿಗೆ ನಡೆಯುವ ಅಭ್ಯಾಸ ಇಲ್ಲದಿದ್ದರೆ ಇವತ್ತೇ ಮಾಡಿಸಲು ಶುರು ಮಾಡಿ.